ಬರ್ತೀವಿ ಅನ್ನಬಾರದ ಮನೆ

ಯಕೃತ್ತಿನ ಕ್ಯಾನ್ಸರಿನ ಜೀವಕೋಶಗಳನ್ನು ಕೊಲ್ಲುವುದು ನನ್ನ ಕೆಲಸ. ಗಾಜಿನ ತಟ್ಟೆಯಲ್ಲಿ, ಅಷ್ಟೇ. ಕೆಟ್ಟುಹೋದ ಜೀವಕೋಶಕ್ಕೆ ಸಾಯಲು ಹೇಳುವ ಒಂದು ಪ್ರೋಟೀನ್ ಇದೆ. ಕ್ಯಾನ್ಸರಿನಲ್ಲಿ ಅದರ ಬಾಯಿ ಕಟ್ಟಿಹೋಗಿರುತ್ತದೆ. ಆ ಕಟ್ಟು ಬಿಚ್ಚುವ ರಾಸಾಯನಿಕ ಹುಡುಕುತ್ತಲೇ ನನ್ನ ಕೂದಲು ಬೆಳ್ಳಗಾಗಿದೆ. ಸುರಿದರೆ ತಟ್ಟೆಯೆಲ್ಲ ಖಾಲಿ. ಖುಷಿಪಡುವಷ್ಟರಲ್ಲಿ ಮೂಲೆಯಲ್ಲಿ ಉಳಿದ ನಾಲ್ಕು ಮತ್ತೆ ತಟ್ಟೆ ತುಂಬಿಕೊಳ್ಳುತ್ತವೆ. ಇಂಥ ಹಟಮಾರಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದೇ ರೋಗ ಚನ್ನಗಿರಿಯಲ್ಲಿದ್ದ ನನ್ನ ಅಕ್ಕನಿಗೆ ಬಂತು. ಎಂದೋ ಮೈಸೇರಿದ್ದ ಕಾಮಾಲೆಯ ವೈರಸ್ಸು ಸದ್ದಿಲ್ಲದೆ ಅವಳ ವಂಶವಾಹಿಯೊಳಗೇ ಮನೆ ಮಾಡಿಕೊಂಡಿತ್ತು. ಕಣ್ಣು ಹಳದಿಯಾಗಿ ದಾವಣಗೆರೆಗೆ ಹೋಗುವಷ್ಟರಲ್ಲಿ ಕೈಮೀರಿತ್ತು. ಸ್ಕ್ಯಾನ್ ನೋಡಿದ ಕೂಡಲೇ ನನಗೆ ಗೊತ್ತಾಯಿತು. ನಾನು ಇದನ್ನು ಓದದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಭಾವನದು ಬಸ್ ಸ್ಟ್ಯಾಂಡ್ ಹತ್ತಿರ ಪಾತ್ರೆ ಅಂಗಡಿ. "ನಿಮ್ಮ ಲ್ಯಾಬಿನ ಔಷಧಿ ಒಂಚೂರು ತಂದುಬಿಡವ್ವ" ಎಂದು ನನಗೆ ಕೈ ಮುಗಿದರು.

"ಅದು ಇನ್ನೂ ಔಷಧಿ ಅಲ್ಲ ಭಾವ. ಕೆಟ್ಟದ್ದರ ಜೊತೆ ಒಳ್ಳೇದನ್ನೂ ಸಾಯಿಸ್ತೈತೆ."

"ಮತ್ತೆ ಇಷ್ಟು ವರ್ಷ ನೀವೆಲ್ಲ ಏನ್ ಮಾಡಿದ್ರಿ ಅಲ್ಲಿ?"

ಅದು ಚುಚ್ಚುಮಾತಲ್ಲ, ನಿಜವಾದ ಪ್ರಶ್ನೆ.

ಹಾಗಾಗಿ, ಸವಳಂಗದ ಕಡೆಯ ಹಳ್ಳಿಯೊಂದರಲ್ಲಿ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವ ಅಜ್ಜಿಯ ಮನೆಗೆ ಹೋಗೋಣವೆಂದು ಭಾವ ಅಂದಾಗ ನಾನು ಬೇಡ ಅನ್ನಲಿಲ್ಲ. ಆ ಮನೆಯ ಕಟ್ಟಳೆ ಎಲ್ಲರಿಗೂ ಗೊತ್ತು: ಭಾನುವಾರ, ಖಾಲಿ ಹೊಟ್ಟೆಯಲ್ಲಿ ಕುಡಿದು, ಮಾತಿಲ್ಲದೆ ಎದ್ದು ಬರಬೇಕು. 'ಬರ್ತೀವಿ' ಅಂದರೆ ಕಾಯಿಲೆಯೂ ಮತ್ತೆ ಬರುತ್ತದೆ. ಭಾವನೋ, ಯಾರ ಮನೆಯಿಂದ ಎದ್ದರೂ ಹೇಳದೆ ಹೊರಡುವವರೇ ಅಲ್ಲ. ಹೊನ್ನಾಳಿ ದಾಟಿ ನ್ಯಾಮತಿ ಬಂದರೂ ಅಕ್ಕನದು ಒಂದೇ ಪಾಠ. "ರೀ, ಅಲ್ಲಿ ಬಾಯಿ ಬಿಡಬ್ಯಾಡ್ರಿ ಮತ್ತೆ." ಬಹಳ ದಿನಗಳ ಮೇಲೆ ಅವಳು ನಗುತ್ತಿದ್ದಳು.

ಅಜ್ಜಿ ಅರೆದ ಸೊಪ್ಪನ್ನು ಮಜ್ಜಿಗೆಯಲ್ಲಿ ಕದಡಿ ಕೊಟ್ಟರು. ಅಕ್ಕ ಕಣ್ಣು ಮುಚ್ಚಿ ಕುಡಿದಳು. ಮೂವರೂ ಎದ್ದೆವು. ಹೊಸ್ತಿಲು ದಾಟುವಾಗ ಭಾವ ಹಿಂತಿರುಗಿ, ಕೈ ಮುಗಿದು, "ಬರ್ತೀವ್ರಿ ಅಜ್ಜಿ" ಅಂದುಬಿಟ್ಟರು.

ಅಕ್ಕನ ಮುಖ ಇಳಿದುಹೋಯಿತು. ನನಗೆ ಎಲ್ಲಿತ್ತೋ ಆ ಸಿಟ್ಟು. "ಅಷ್ಟು ಹೇಳಿದ್ರೂ ಬಾಯಿ ಸುಮ್ನಿರಲ್ವಾ ನಿಮ್ದು?" ಎಂದು ಬೀದಿಯಲ್ಲೇ ಕಿರುಚಿದೆ. ಆ ಸೊಪ್ಪಿನಿಂದ ಏನೂ ಆಗುವುದಿಲ್ಲವೆಂದು ಬಲ್ಲವಳು ನಾನು. ಆದರೂ ಒಳಗೋಡಿ, "ಇನ್ನೊಂದ್ಸಲ ಕೊಡ್ತೀರಾ ಅಜ್ಜಿ?" ಎಂದು ಅಂಗಲಾಚಿದೆ.

"ಬರೋ ಭಾನುವಾರ ಕರ್ಕಂಡು ಬರ್ರಿ" ಅಂದರು.

ಆ ಭಾನುವಾರ ಅಕ್ಕನಿಗೆ ಏಳಲಾಗಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿತ್ತು, ಮಾತು ತೊದಲುತ್ತಿತ್ತು. ಇನ್ನೊಂದು ಭಾನುವಾರ ಅವಳಿಗೆ ಸಿಗಲಿಲ್ಲ.

"ನನ್ನ ಬಾಯಿಂದ ಹೋದ್ಲು" ಎಂದು ಭಾವ ಬಂದವರಿಗೆಲ್ಲ ಹೇಳಿಕೊಂಡು ಅತ್ತರು. ನಾನು ಪಕ್ಕದಲ್ಲಿ ಕೂತು ವೈರಸ್ಸು, ವಂಶವಾಹಿ, ಗಡ್ಡೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಜ್ಜಿಯ ಮನೆಗೆ ಹೋಗುವ ಮೊದಲೇ ಎಲ್ಲ ಮುಗಿದಿತ್ತು ಅಂದೆ.

"ಹಂಗಾರೆ ಅವತ್ತು ನೀನ್ಯಾಕೆ ನನ್ನ ಮೇಲೆ ಅಷ್ಟು ಸಿಟ್ಟಾದೆ?" ಎಂದು ಕೇಳಿದರು.

ಸಾವಿನ ಮನೆಯಿಂದಲೂ ನಮ್ಮಲ್ಲಿ ಯಾರೂ ಹೇಳಿ ಹೊರಡುವುದಿಲ್ಲ. ಕಾರ್ಯ ಮುಗಿದ ಮೇಲೆ ನೆಂಟರೆಲ್ಲ ಸುಮ್ಮನೆ ಚಪ್ಪಲಿ ಮೆಟ್ಟಿ ನಡೆದರು. ಲ್ಯಾಬಿನಲ್ಲಿ ನನ್ನ ತಟ್ಟೆಗಳು ಕಾಯುತ್ತಿದ್ದವು; ನಾನೂ ಬ್ಯಾಗ್ ಎತ್ತಿಕೊಂಡೆ. ಆಡಿದ ಮಾತಿಗೆ ಯಾರೂ ಸಾಯುವುದಿಲ್ಲವೆಂದು ಭಾವನಿಗೆ ತೋರಿಸಿಯೇ ಹೋಗಬೇಕು ಅನ್ನಿಸಿತು. ಬಾಗಿಲಲ್ಲಿ ನಿಂತು, ಗಟ್ಟಿಯಾಗಿ, "ಬರ್ತೀನಿ ಭಾವ" ಅಂದೆ.

ಅವರು ಓಡಿ ಬಂದು ನನ್ನ ಬಾಯಿಗೆ ಅಂಗೈ ಅಡ್ಡ ಹಿಡಿದರು.

"ಅನ್ನಬ್ಯಾಡವ್ವ. ನಿನಗೂ ಬಂದ್ರೆ ನಾನು ಎಲ್ಲಿಗೆ ಹೋಗ್ಲಿ?"