ಹಕ್ಕಿ ಮೇಷ್ಟ್ರೂ ನನ್ನ ಬಾಣಂತನವೂ

ತೊಂಬತ್ತರ ದಶಕದ ಒಂದು ಬೇಸಿಗೆ. ಪಾಲಹಳ್ಳಿಯ ಗಂಡನ ಮನೆಯಲ್ಲಿ ನಾನು ಬಾಣಂತಿ. ಎರಡನೆಯ ಹೆರಿಗೆ ಅಂತ ತವರಿಗೆ ಕಳಿಸಿರಲಿಲ್ಲ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಹೊತ್ತಿಗೊಂದು ಹಿಡಿ ಅನ್ನ, ಮೆಣಸಿನ ಸಾರು, ಅರ್ಧ ಲೋಟ ನೀರು. ಅದಕ್ಕಿಂತ ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ ಎಂಬುದು ನಮ್ಮತ್ತೆಯ ಕಾನೂನು. ಹೊಟ್ಟೆಯೇನೋ ಬರಲಿಲ್ಲ, ಹಾಲೂ ಸಾಕಷ್ಟು ಬರಲಿಲ್ಲ. ಇಪ್ಪತ್ತು ದಿನದ ಮಗಳು ಚೀಪಿ ಚೀಪಿ ಸಾಕಾಗಿ ಕಿರುಚುತ್ತಿದ್ದಳು. ಸೊರಗುತ್ತಿದ್ದ ಅವಳ ಕಾಲು ನೋಡಿದರೆ ನನಗೆ ಜೀವವೇ ಹೋದಂತಾಗುತ್ತಿತ್ತು.

"ನಿನ್ ಮೈಯೇ ಅಂಗೆ ಕಣಮ್ಮಿ, ಆಲಿಲ್ದ ಮೈ" ಎಂದು ಅತ್ತೆ ತೀರ್ಪು ಕೊಟ್ಟರು.

ನಮ್ಮ ಯಜಮಾನರು ಹರಿಗೋಲು ನಡೆಸುತ್ತಿದ್ದರು. ಹೊಳೆಯ ಬಂಡೆಗಳ ಮೇಲೆ ಮೊಟ್ಟೆಯಿಡುವ, ಮೀನು ಹಿಡಿಯುವ ಹಕ್ಕಿಗಳನ್ನು ನೋಡಲು ಪಟ್ಟಣದಿಂದ ಬಂದಿದ್ದ ಒಬ್ಬ ಮೇಷ್ಟ್ರು ದಿನಾ ಅವರ ಹರಿಗೋಲು ಹತ್ತುತ್ತಿದ್ದರು. ಅವುಗಳ ನೆಂಟರು ಕಡಲಲ್ಲಿದ್ದಾರಂತೆ. ಸಂಜೆಯಾದರೆ ಮೇಷ್ಟ್ರ ಪಾಠವೆಲ್ಲ ಯಜಮಾನರ ಬಾಯಲ್ಲಿ ನಮ್ಮತ್ತೆಯ ಕಿವಿಗೆ ಬರುತ್ತಿತ್ತು.

"ಮೀನು ಕಮ್ಮಿ ಆದ್ರೆ ಕಡ್ಲು ಪಕ್ಸಿ ರಕ್ತದಾಗೆ ಸಂಕಟದ್ ಆರ್ಮೋನು ಏರ್ತದಂತೆ ಕಣವ್ವ. ಜಾಸ್ತಿ ಏರ್ಬುಟ್ರೆ ಮರೀನೇ ಬುಟ್ಟು ಒಂಟೋಯ್ತದಂತೆ."

"ಅಯ್ಯೋ ಸಿವ್ನೆ! ಬಾಣಂತಿ ಪಕ್ಸೀನ ಉಪಾಸ ಕೆಡವೋದಾ? ಯಾವ ಪಾಪಿಗಳು ಆ ಮೀನೆಲ್ಲ ಬಳ್ಕಂಡೋದ್ರೋ!"

ಆ ಪಾಪಿಗಳಲ್ಲೊಬ್ಬರು ಎದುರಿಗೇ ಕೂತು ಮೀನಿನ ತಲೆ ಚೀಪುತ್ತಿದ್ದರು.

ಭಾನುವಾರ ಮೇಷ್ಟ್ರನ್ನೇ ಊಟಕ್ಕೆ ಕರೆದರು. ಮುದ್ದೆ, ಮೀನು ಸಾರು. ನಾನು ಬಾಗಿಲ ಹಿಂದೆ, ವಾಸನೆಯಲ್ಲೇ ಊಟ ಮಾಡುತ್ತಿದ್ದೆ. "ಮರಿ ಬಿಟ್ಟುಹೋದರೆ ಅದು ಕೆಟ್ಟ ತಾಯಿ ಅಂತಲ್ಲಮ್ಮ, ಹಸಿದ ತಾಯಿ" ಎಂದರು ಮೇಷ್ಟ್ರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟೇ, ನನಗೆ ನೆತ್ತಿಗೇರಿತು. ಮಗುವನ್ನು ಎತ್ತಿಕೊಂಡು ನಡುಮನೆಗೆ ಬಂದು ಮೇಷ್ಟ್ರ ಮುಂದೆ ತೋಳು ಚಾಚಿದೆ.

"ನಂದೂ ವಸಿ ರಕ್ತ ತಗದು ನೋಡಿ ಸಾ. ನಾನೂ ಮೀನು ತಿಂದು ಇಪ್ಪತ್ ದಿನ ಆಯ್ತು."

ಯಜಮಾನರ ಬಾಯಿಗೆ ಹೊರಟಿದ್ದ ತುತ್ತು ಅಲ್ಲೇ ನಿಂತಿತು. ಮೇಷ್ಟ್ರು ಏನು ತಿನ್ನುತ್ತೀರಿ ಎಂದು ಕೇಳಿದರು, ಹೇಳಿದೆ. ಅಭ್ಯಾಸಬಲದಿಂದ ಜೇಬಿನ ನೋಟ್‌ಬುಕ್ಕಿಗೆ ಹೋದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು. "ಮೊದಲು ಇವರಿಗೆ ಬಡಿಸಿ, ಆಮೇಲೆ ನಾನು ಉಣ್ಣುತ್ತೇನೆ" ಎಂದರು. ಅತಿಥಿ ಉಪವಾಸ ಎದ್ದರೆ ಮರ್ಯಾದೆ ಹೋಗುತ್ತದೆ, ಅತ್ತೆ ಬಡಿಸಿದರು. ಮೀನು ಸಾರಿನಲ್ಲಿ ಎರಡು ಮುದ್ದೆ ನುಂಗಿ, ಚೊಂಬು ನೀರು ಎತ್ತಿ ಕುಡಿದೆ. ಅಂದಿನಿಂದ ಯಾರಾದರೂ ಬಡಿಸಲಿ ಎಂದು ಕಾಯದೆ ನಾನೇ ಬಡಿಸಿಕೊಂಡು ಉಂಡೆ.

ನಾಲ್ಕು ದಿನದಲ್ಲಿ ಹಾಲಿಳಿಯಿತು. ಮಗಳು ಹೊಟ್ಟೆತುಂಬ ಕುಡಿದು ನಿದ್ದೆಹೋದಳು. "ಎಲ್ಲಾ ಮೇಷ್ಟ್ರ ಕೈಗುಣ" ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಮೀನಿನ ಹೆಸರನ್ನು ಯಾರೂ ಎತ್ತಲಿಲ್ಲ.