ವಾರ್ನಿಶ್‌ಗೆ ಅಂಟಿದ ಬಟ್ಟಲು

ಸಿಂದಗಿಯಲ್ಲಿ ನಾನು ಹೊಸ ಮಾಸ್ತರ, ಮಾತಾಡಿಸುವವರಿರಲಿಲ್ಲ. ರಮಜಾನ್ ಸೂಟಿಯ ದಿನ ಹಳೆಯ ಟೇಬಲ್ಲಿಗೆ ವಾರ್ನಿಶ್ ಬಳಿದು, ಒಣಗಲೆಂದು ಬಾಗಿಲು ತೆರೆದಿಟ್ಟು ತಿರುಗಾಡಲು ಹೋದೆ. ಸಂಜೆ ಬಂದು ನೋಡಿದರೆ ಅದರ ಮೇಲೆ ಹಬ್ಬದ ಶಾವಿಗೆ ಪಾಯಸ, ಸುರಕುಂಬಾ ತುಂಬಿದ ಹಿತ್ತಾಳೆ ಬಟ್ಟಲು, ಗಟ್ಟಿಯಾಗಿ ಅಂಟಿಕೊಂಡಿತ್ತು. ಅಲ್ಲೇ ಬಗ್ಗಿ ಚಮಚದಿಂದ ತಿಂದೆ.

ಮರುದಿನ ಪಕ್ಕದ ಮನೆಯ ಹಸೀನಾಬಿ ಅಜ್ಜಿ ಬಂದಳು.

“ಮಾಸ್ತರ, ನಮ್ಮ ಬಟ್ಟಲಾ ಕೊಡ್ರಿ.”

“ಟೇಬಲ್ಲಿಗೆ ಅಂಟೇತ್ರಿ ಅಜ್ಜಿ, ಬರವಲ್ದು.”

“ಇರ್ಲಿ ಬಿಡ್ರಿ, ನಾಳೆ ನೋಡೂಣು,” ಎಂದವಳು ಹೊಸ್ತಿಲ ಬಳಿ ಕುಳಿತು ನನ್ನ ಅವ್ವನ ಬಗ್ಗೆ ಕೇಳಿದಳು. ಆಮೇಲೆ ದಿನಾ ಬಂದಳು. ತುಸು ಟರ್ಪೆಂಟೈನ್ ಹಾಕಿದರೆ ಬಟ್ಟಲು ಬಿಡುತ್ತದೆಂದು ನಾನು ಹೇಳಲೇ ಇಲ್ಲ.

ಇಂಡಿಗೆ ವರ್ಗವಾದ ದಿನ ಬಿಡಿಸಿ ಕೊಟ್ಟೆ. ಅಜ್ಜಿ ಬಟ್ಟಲು ಮೂಸಿ ನೋಡಿದಳು.

“ಟರ್ಪೆಂಟೈನ್ ಹೌದಲ್ರಿ? ನಮ್ಮ ಮನಿಯವ್ರು ಇರೂತನಕ ವಾರ್ನಿಶ್ ಕೆಲಸಾನ ಮಾಡಿದ್ರು, ಮಾಸ್ತರ.”