ಗಾಜಿನ ಬಾಗಿಲವರೆಗೆ ಬರುತ್ತಿದ್ದ ಡ್ರೈವರಣ್ಣ

ಡ್ರೈವರಣ್ಣನ ಎಡಗೈ ಮೊಣಕೈಯಿಂದ ಕೆಳಗೆ ಕಾವಲಿಯ ಹಾಗೆ ಕಪ್ಪಗಿತ್ತು. ನಮ್ಮ ಕಡೆ ಬಸ್ಸು ಓಡಿಸುವವರಿಗೆ ಬಲಗೈ ಸುಡುತ್ತದೆ, ಕಿಟಕಿ ಆ ಪಕ್ಕ. ಗಲ್ಫಿನಲ್ಲಿ ಸ್ಟೇರಿಂಗು ಎಡಕ್ಕೆ. ಕೆ.ಆರ್. ಪೇಟೆಯಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಖಾಸಗಿ ಬಸ್ಸು ಓಡಿಸಿಕೊಂಡಿದ್ದವರು ಅಲ್ಲಿಗೆ ಬಂದು ಎಷ್ಟೋ ವರ್ಷವಾಗಿತ್ತು. "ಬಲಗೈನ ಊರ ಬಿಸ್ಲು ಸುಡ್ತು, ಎಡಗೈನ ಇವ್ರ ಬಿಸ್ಲು ಸುಡ್ತು. ಮಕ ಒಂದು ಉಳ್ಕಂಡದೆ ನೋಡವ್ವ" ಎನ್ನುತ್ತಿದ್ದರು.

ನಾನು ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನವಳು. ನರ್ಸಿಂಗ್ ಮುಗಿಸಿ ಗಲ್ಫಿನ ಒಂದು ನಗರದ ಆಸ್ಪತ್ರೆಗೆ ಸೇರಿದಾಗ, ನಮ್ಮನ್ನು ಹಾಸ್ಟೆಲಿನಿಂದ ಡ್ಯೂಟಿಗೆ ಒಯ್ಯುವ ಬಸ್ಸು ಅವರದು. ಮೊದಲ ದಿನ ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡಿದ್ದು ಕೇಳಿಸಿಕೊಂಡು, ಇಳಿಯುವಾಗ "ಯಾವೂರವ್ವ?" ಎಂದರು. ಹೇಳಿದೆ. ಅಂದಿನಿಂದ ಅವರ ಹಿಂದಿನ ಸೀಟು ನನಗೆ.

ಮೊದಲ ರಜೆಯ ದಿನ ಒಬ್ಬಳೇ ಮೆಟ್ರೋ ಹತ್ತಿದೆ. ನಿಲ್ದಾಣಗಳ ಹೆಸರು ಒಂದೂ ನಾಲಿಗೆಗೆ ಹತ್ತುತ್ತಿರಲಿಲ್ಲ. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಹೊರಗೆ ನೋಡಿದರೆ ಬರೀ ಮರಳು. ಅಳುತ್ತ ಡ್ರೈವರಣ್ಣನಿಗೆ ಫೋನು ಮಾಡಿದೆ.

"ಅಯ್ಯೋ, ಅದ್ಕೆ ಯಾಕವ್ವ ಅಳ್ತೀಯೆ? ಪಾಂಡಪುರ ಟೇಸನ್ನಲ್ಲಿ ಮೈಸೂರು ಗಾಡಿ ಅತ್ತೋ ಬದ್ಲು ಬೆಂಗ್ಳೂರು ಗಾಡಿ ಅತ್ತಿದೀಯೆ, ಅಷ್ಟೇಯ. ಎದ್ರುಗಡೆ ಪ್ಲಾಟ್‌ಫಾರಂಗೆ ಓಗಿ ಕೂತ್ಕೊ. ಮುಂದ್ಲ ಡಬ್ಬಿ ಎಂಗಸ್ರುದು, ಅದ್ರಾಗೇ ಅತ್ತು."

ನಾನು ಇಳಿಯಬೇಕಾದ ನಿಲ್ದಾಣ ಬರುವವರೆಗೂ ಅವರು ಫೋನು ಇಡಲಿಲ್ಲ. ಇಳಿದಾಗ ಮೆಟ್ಟಿಲ ಕೆಳಗೆ ನಿಂತಿದ್ದರು.

ಒಂದು ಬೆಳಿಗ್ಗೆ ನಾವು ಡ್ಯೂಟಿಗೆ ಹೊರಟಿದ್ದೆವು. ಹೆದ್ದಾರಿಯ ಆಚೆ ಬದಿಯಲ್ಲಿ ಕಟ್ಟಡದ ಕೆಲಸ ನಡೆಯುತ್ತಿತ್ತು. ಮೇಲ್ಸೇತುವೆ ದೂರ, ಬಿಸಿಲಿನಲ್ಲಿ ಅಷ್ಟು ನಡೆಯಲಾರದೆ ಕೂಲಿಗಳು ರಸ್ತೆಗೇ ಅಡ್ಡ ನುಗ್ಗುತ್ತಿದ್ದರು. ನೀಲಿ ಅಂಗಿಯವನೊಬ್ಬ ಎರಡು ಲಾರಿಗಳ ನಡುವಿನಿಂದ ಓಡಿಬಂದ. ಡ್ರೈವರಣ್ಣ ಬ್ರೇಕಿನ ಮೇಲೆ ಎದ್ದು ನಿಂತೇಬಿಟ್ಟರು. ಆದರೂ ಆ ಸದ್ದು ಬಂತು.

ನಾನು ಇಳಿದು ಅವನ ಕುತ್ತಿಗೆಯ ನಾಡಿ ಹಿಡಿದೆ. ಡ್ರೈವರಣ್ಣ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದರು, "ಉಸ್ರೈತೇನವ್ವ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ತಮ್ಮ ಚಪ್ಪಲಿ ಬಿಚ್ಚಿ ದೂರ ಇಟ್ಟು, ಕಾದ ಟಾರಿನ ಮೇಲೆ ಬರಿಗಾಲಲ್ಲಿ ನಿಂತುಕೊಂಡರು. ಪೊಲೀಸರು ಬರುವವರೆಗೂ ಹಾಗೆಯೇ ನಿಂತಿದ್ದರು. ಸತ್ತವನು ನೇಪಾಳದ ಹುಡುಗನೆಂದು ಆಮೇಲೆ ತಿಳಿಯಿತು.

ಕೆಲವು ವಾರ ಜೈಲಿನಲ್ಲಿಟ್ಟು ಡ್ರೈವರಣ್ಣನನ್ನು ಹೊರಗೆ ಬಿಟ್ಟರು. ಆದರೆ ಕೇಸು ಮುಗಿಯುವ ತನಕ ದೇಶ ಬಿಡುವಂತಿಲ್ಲ, ಪಾಸ್‌ಪೋರ್ಟು ಕೈಗೆ ಸಿಗುವಂತಿಲ್ಲ. ಸತ್ತವನ ಕಡೆಯವರು ಬಂದು ಹೇಳಿಕೆ ಕೊಡಬೇಕಿತ್ತು. ಅವರಿಗೆ ಬರುವ ದಾರಿಯೇ ಇರಲಿಲ್ಲ. ಕೇಸು ಮುಂದಕ್ಕೆ ಹೋಗುತ್ತಲೇ ಇತ್ತು. ಲೈಸೆನ್ಸು ಹೋದ ಮೇಲೆ ಕಂಪನಿಯವರು ಅವರನ್ನು ಗ್ಯಾರೇಜಿನಲ್ಲಿ ಬಸ್ಸು ತೊಳೆಯಲು ಹಾಕಿದರು. ಅವರು ಮತ್ತೆ ಯಾವ ಕಾರಿಗೂ ಬಸ್ಸಿಗೂ ಹತ್ತಲಿಲ್ಲ. ಎಲ್ಲಿಗೇ ಆದರೂ ಮೆಟ್ರೋ, ಇಲ್ಲವೇ ನಡಿಗೆ.

ನಮ್ಮಲ್ಲಿ ಯಾರು ರಜೆಗೆ ಊರಿಗೆ ಹೊರಟರೂ ಅವರು ಮೆಟ್ರೋದಲ್ಲಿ ಜೊತೆಗೆ ಬಂದು, ಪೆಟ್ಟಿಗೆ ಹೊತ್ತು, ವಿಮಾನ ನಿಲ್ದಾಣದ ಗಾಜಿನ ಬಾಗಿಲವರೆಗೆ ಬಿಡುತ್ತಿದ್ದರು. ಅಲ್ಲಿಗೆ ನಿಲ್ಲುತ್ತಿದ್ದರು. "ಇನ್ ನೀವ್ ಓಗ್ರವ್ವ." ಬಾಗಿಲು ತಾನಾಗಿ ತೆರೆದು ಮುಚ್ಚುತ್ತಿತ್ತು. ಒಳಗಿನಿಂದ ತಿರುಗಿ ನೋಡಿದರೆ ಅವರು ಕೈ ಬೀಸುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು.

ಒಂದು ಸಲ ನಾನು ರಜೆಗೆ ಬರುವಾಗ, "ನಮ್ಮವ್ವಂಗೆ ವಸಿ ಉಸಾರಿಲ್ವಂತೆ. ನೀನ್ ಡಾಕುಟ್ರು ಕೆಲ್ಸ ಕಂಡೋಳು, ನೋಡ್ಬುಟ್ಟು ನಿಜ ಯೋಳು" ಎಂದರು. ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿ, ಪಾಂಡವಪುರದಲ್ಲಿ ಬದಲಿಸಿ, ಕೆ.ಆರ್. ಪೇಟೆಯಿಂದ ಆಟೊದಲ್ಲಿ ಅವರ ಹಳ್ಳಿಗೆ ಹೋದೆ. ಮುದುಕಿ ಚಾಪೆಯ ಮೇಲೆ ಮಲಗಿತ್ತು. ಕಾಲು ಊದಿತ್ತು, ಉಸಿರು ಗಂಟಲಲ್ಲಿತ್ತು. ನೋಡಿದೊಡನೆ ಗೊತ್ತಾಯಿತು. ಅವರ ಹೆಂಡತಿ ಬಾಗಿಲ ಬಳಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ವಿಡಿಯೋ ಕಾಲ್ ಮಾಡಿ ಫೋನನ್ನು ಮುದುಕಿಯ ಮುಂದೆ ಹಿಡಿದೆ.

"ಯಾವಾಗ ಬಂದೀಯ್ಲಾ ಮಗ?"

"ಬತ್ತೀನಿ ಕಣವ್ವ."

"ನಿನ್ ಬಸ್ಸಲ್ಲೇ ಬಂದ್ಬುಡ್ಲಾ. ಅಲ್ಲಿಂದ ಬಸ್ಸಿಲ್ವೇನ್ಲಾ?"

ಅವರು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡರು. "ಐತೆ ಕಣವ್ವ. ಸೀಟು ಸಿಕ್ಕಿಲ್ಲ."

"ನಿಂತ್ಕೊಂಡೇ ಬಾ" ಎಂದಿತು ಮುದುಕಿ.

ಆ ವಾರ ಕಳೆಯುವುದರೊಳಗೆ ತೀರಿಕೊಂಡಿತು. ಮಣ್ಣು ಹಾಕುವುದನ್ನೂ ಅವರು ಫೋನಿನಲ್ಲೇ ನೋಡಿದರು. ನಾನು ತಿರುಗಿ ಹೋದಾಗ ಗ್ಯಾರೇಜಿನಲ್ಲಿ ಕಂಡೆ. ಕೋರ್ಟನ್ನೋ ಕಂಪನಿಯನ್ನೋ ಬೈಯುತ್ತಾರೆ ಎಂದುಕೊಂಡಿದ್ದೆ. ಪೈಪಿನ ನೀರು ನಿಲ್ಲಿಸಿ, "ಆ ನೇಪಾಳದ ಉಡ್ಗನ ಅವ್ವನೂ ಇಂಗೇ ಕಾದಿರ್ತಾಳಲ್ವೇನವ್ವ" ಎಂದರು.

ಮುಂದಿನ ಬೇಸಿಗೆಯಲ್ಲಿ, ಮಧ್ಯಾಹ್ನ, ಮೆಟ್ರೋ ನಿಲ್ದಾಣದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದರಂತೆ. ನಮ್ಮ ಆಸ್ಪತ್ರೆಗೇ ತಂದರು. ನಾನು ಡ್ಯೂಟಿಯಲ್ಲಿದ್ದೆ. ಆಕ್ಸಿಜನ್ ಮಾಸ್ಕು ತೆಗೆಸಿ ನನ್ನನ್ನು ನೋಡಿ, "ಡೂಟಿ ಮುಗಿದ್ರೆ ಓಗವ್ವ, ಬಸ್ಸು ತಪ್ಪೋದಾತು" ಎಂದರು. ಮತ್ತೆ ಮಾತಾಡಲಿಲ್ಲ. ಎದೆ ಒತ್ತಿದೆವು, ಶಾಕ್ ಕೊಟ್ಟೆವು. ಆಗಲಿಲ್ಲ.

ದೇಶ ಬಿಡಬಾರದೆಂಬ ಆಜ್ಞೆ ಹೆಣಕ್ಕೆ ಅನ್ವಯಿಸುವುದಿಲ್ಲ ಎಂದು ಕೋರ್ಟಿನ ಕಚೇರಿಯವನು ಹೇಳಿದ. ನಾನು ರಜೆ ಹಾಕಿ ಪೆಟ್ಟಿಗೆಯ ಜೊತೆ ಬಂದೆ. ಬೆಂಗಳೂರಿನಿಂದ ಆಂಬುಲೆನ್ಸು ಹೊರಟು, ಬೆಳ್ಳೂರು ಕ್ರಾಸಿನಲ್ಲಿ ಎಡಕ್ಕೆ ತಿರುಗಿ ನಾಗಮಂಗಲ ದಾಟುವಾಗ ಬೆಳಗಾಗಿತ್ತು. ಮಕ್ಕಳು ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದರು.

ಮನೆಯ ಮುಂದೆ ಪೆಟ್ಟಿಗೆಯ ಮುಚ್ಚಳ ತೆಗೆದರು. ಹೆಂಡತಿ ಮುಖ ನೋಡಿ, ಕೈ ನೀಡಿ ಕೂದಲು ಮುಟ್ಟಿದರು. "ತಲೆ ಇಷ್ಟೊಂದು ಬೆಳ್ಳಗಾಗೋಗದೆ. ಫೋನ್ನಲ್ಲಿ ಯಾವಾಗ್ಲೂ ಟೋಪಿ ಆಕ್ಕೊಂಡಿರೋರು" ಎಂದರು. ಗಟ್ಟಿಯಾಗಿ ಅಳಲಿಲ್ಲ.

ಹೊಲದಲ್ಲಿ ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಪರದೇಶದಲ್ಲಿ ನನಗೆ ದಾರಿ ಕಲಿಸಿದವರಿಗೆ ಮೂರು ಹಿಡಿ ಮಣ್ಣು ಹಾಕಿದೆ. ಹೊರಡುವ ಮುಂಚೆ ಹೇಳಿಬರಲು ಒಳಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು.

"ಕಡೇ ಗಳ್ಗೇಲಿ ನೀನಿದ್ಯಂತಲ್ಲವ್ವ. ನನ್ ಇಚಾರ ಏನಾರಾ ಎತ್ತುದ್ರಾ?"

ಅವರು ಎತ್ತಿರಲಿಲ್ಲ. ನನ್ನ ಬಸ್ಸಿನ ವಿಚಾರ ಎತ್ತಿದ್ದರು. ಅದನ್ನು ಈ ಹೆಂಗಸಿಗೆ ಹೇಗೆ ಹೇಳಲಿ?

"ನಿಮ್ಮ ಹೆಸರು ಹಿಡಿದು ಕರೆದ್ರು ಅತ್ತಿಗೆ" ಎಂದೆ.

ಅವರು ನನ್ನನ್ನೇ ನೋಡಿದರು.

"ಮದ್ವೆಯಾದಾಗಿಂದ ಒಂದಿನಾನೂ ಎಸ್ರಿಡ್ದು ಕರ್ದೋರಲ್ಲ" ಎಂದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಬುಡವ್ವ, ಕಡೇಗಾರಾ ಕರುದ್ರಲ್ಲ" ಎಂದರು.